ಅಮ್ಮನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ ಡಾಕ್ಟರು ಕೇಳಿದ ಪ್ರಶ್ನೆಗಳು

ಅಮ್ಮನ ತೊಡೆಮೂಳೆ ಮುರಿದಾಗ ಮನೆಯವರೆಲ್ಲ ಯೋಚಿಸಿದ್ದು ಮೂಳೆಯ ಬಗ್ಗೆ ಮಾತ್ರ. ಆಪರೇಷನ್ ಆಯ್ತು, ರಾಡ್ ಸರಿಯಾಗಿ ಕೂತಿದೆ, ಎಕ್ಸ್‌ರೇ ಚೆನ್ನಾಗಿದೆ ಅಂತ ಹೇಳಿದ ಮೇಲೆ ದೊಡ್ಡ ಕಂಟಕ ಕಳೆಯಿತು ಅಂದುಕೊಂಡೆವು. ನಿಜವಾದ ಆತಂಕ ಶುರುವಾಗಿದ್ದೇ ಆಮೇಲೆ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಡಾಕ್ಟರುಗಳು ಇದನ್ನು ಡೀಪ್ ವೇನ್ ಥ್ರಾಂಬೋಸಿಸ್ ಅನ್ನುತ್ತಾರೆ, ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಬರೀ ಡಿವಿಟಿ. ಆ ದಿನಗಳಲ್ಲಿ ಅಮ್ಮನ ಪಕ್ಕದಲ್ಲಿ ಇದ್ದವಳು ನಾನು. ನೋಡಿದ್ದನ್ನು, ಕೇಳಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ವಯಸ್ಸಾದವರನ್ನು ಆಸ್ಪತ್ರೆಗೆ ಸೇರಿಸಿ ಪಕ್ಕದಲ್ಲಿ ಕೂರುವವರಿಗೆ ಇದು ಗೊತ್ತಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮೂರು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸಿರುತ್ತೇವೆ. ಅಮ್ಮ ಸೋಗೆ ಬಿಟ್ಟು ಪಕ್ಕಕ್ಕೆ ಕಾಲಿಟ್ಟರು, ಬಿದ್ದರು. ಅವರಿಗೆ 74 ವರ್ಷ. ಎಡಗಾಲು ಎತ್ತಲು ಆಗಲಿಲ್ಲ. ಮೊದಲು ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದೆವು. ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ ಏರಬೇಕು, ಆಮೇಲೆ ಆಪರೇಷನ್ ಅಂದರು. ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಆ ದಿನಗಳಲ್ಲಿ ಅಮ್ಮ ಅಲುಗಾಡಲಿಲ್ಲ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಇಂಜೆಕ್ಷನ್ ಅಲ್ಲಿ ಯಾರೂ ಕೊಡಲಿಲ್ಲ. ಅಂಥದ್ದೊಂದು ಇಂಜೆಕ್ಷನ್ ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು, ಅಲ್ಲಿ ಆಪರೇಷನ್ ಆಯಿತು. ಅಲ್ಲಿಯವರು ಮುಂಜಾಗ್ರತೆಯ ಇಂಜೆಕ್ಷನ್ ಶುರು ಮಾಡಿದರು. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು ಅಂತ ಈಗ ಕಾಣುತ್ತದೆ. ಸೊಂಟದ ಹತ್ತಿರ ಮೂಳೆ ಮುರಿದವರಿಗೆ ಆಪರೇಷನ್ ತಡವಾದಷ್ಟೂ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ಮೊದಲು ಅನುಮಾನ ಬಂದಿದ್ದು ಡ್ರೆಸ್ಸಿಂಗ್ ಮಾಡಲು ಬಂದ ಸಿಸ್ಟರ್‌ಗೆ. ಆಪರೇಷನ್ ಆದ ಕಾಲು ಊದುವುದು ಸಹಜ, ನಾವೆಲ್ಲ ಹಾಗೇ ತಿಳಿದಿದ್ದೆವು. ಅವರು ಮಾತ್ರ ಹೊದಿಕೆ ಪೂರ್ತಿ ಸರಿಸಿ ಎರಡೂ ಕಾಲು ನೋಡಿದರು. "ಅಜ್ಜಿ, ಮೀನಖಂಡದಲ್ಲಿ ನೋವಿದೆಯಾ?" ಅಂತ ಕೇಳಿ ಮೆಲ್ಲಗೆ ಒತ್ತಿದರು. ಅಮ್ಮ ಮುಖ ಕಿವುಚಿದರು. ಸಿಸ್ಟರ್ ಜೇಬಿನಿಂದ ಟೇಪು ತೆಗೆದರು. ಮಂಡಿಯ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಬಾಲ್‌ಪೆನ್ನಿನಲ್ಲಿ ಒಂದು ಗೆರೆ ಎಳೆದರು. ಎರಡೂ ಕಾಲಿಗೂ ಹಾಗೇ. ಆ ಗೆರೆಯ ಮೇಲೆ ಟೇಪು ಸುತ್ತಿ ನೋಡಿದರೆ ಬಲಗಾಲು 31, ಎಡಗಾಲು 35. ಅಂತರ 3 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು ಅಂತ ಹೇಳಿ ಡಾಕ್ಟರಿಗೆ ಫೋನ್ ಮಾಡಿದರು. ಬೆರಳಿನಿಂದ ಕಣಕಾಲು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು, ಅದನ್ನೂ ಹೇಳಿದರು. ಆ ಸಿಸ್ಟರ್‌ಗೆ ನಾನು ಇವತ್ತಿಗೂ ಋಣಿ.

ಡ್ಯೂಟಿ ಡಾಕ್ಟರು ಬಂದಾಗ ನನ್ನ ತಮ್ಮ "ಡಿ-ಡೈಮರ್ ಮಾಡಿಸಬಹುದಲ್ವಾ ಸರ್?" ಅಂತ ಕೇಳಿದ. ಕೋವಿಡ್ ಸಮಯದಲ್ಲಿ ಆ ರಕ್ತ ಪರೀಕ್ಷೆಯ ಹೆಸರು ಎಲ್ಲರಿಗೂ ಪರಿಚಯ ಆಗಿತ್ತು. ಡಾಕ್ಟರು ಬೇಡ ಅಂದರು. ಮೂಳೆ ಮುರಿದು ಆಪರೇಷನ್ ಆದವರಲ್ಲಿ ಆ ಅಂಕಿ ಹೇಗೂ ಏರಿರುತ್ತದೆ. ಅದು ಏರಿದೆ ಅಂದ ಮಾತ್ರಕ್ಕೆ ಕಾಲಿನಲ್ಲಿ ಹೆಪ್ಪು ಇದೆ ಅಂತ ಹೇಳಲು ಬರುವುದಿಲ್ಲ. ನೇರವಾಗಿ ಡಾಪ್ಲರ್ ಸ್ಕ್ಯಾನ್.

ಸ್ಕ್ಯಾನ್ ಕೋಣೆಯೊಳಗೆ ನನ್ನನ್ನೂ ಬಿಟ್ಟರು. ಅಮ್ಮನ ಕೈ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಮೊದಲು ಚೆನ್ನಾಗಿರುವ ಬಲಗಾಲು ನೋಡಿದರು. ತೊಡೆಸಂದಿಯ ಹತ್ತಿರ ಜೆಲ್ ಹಚ್ಚಿ ಯಂತ್ರದ ತುದಿ ಇಟ್ಟರೆ ಪರದೆಯ ಮೇಲೆ ಎರಡು ಕಪ್ಪು ವೃತ್ತ. ಒಂದು ಶುದ್ಧ ರಕ್ತ ತರುವ ನಾಳ, ಇನ್ನೊಂದು ರಕ್ತ ವಾಪಸ್ ಒಯ್ಯುವ ನಾಳ. ತುದಿಯನ್ನು ಸ್ವಲ್ಪ ಒತ್ತಿದರು. ಎರಡನೆಯ ವೃತ್ತ ಕಣ್ಣು ಮುಚ್ಚಿದ ಹಾಗೆ ಪೂರ್ತಿ ಮುಚ್ಚಿತು, ಬಿಟ್ಟಾಗ ತೆರೆಯಿತು. ಎಡಗಾಲಿನಲ್ಲಿ ಒತ್ತಿದರು. ಮುಚ್ಚಲಿಲ್ಲ. ಇನ್ನೂ ಸ್ವಲ್ಪ ಒತ್ತಿದರು, ಆಗಲೂ ಇಲ್ಲ. ಒಳಗೆ ಬೂದು ಬಣ್ಣದ್ದೇನೋ ತುಂಬಿತ್ತು. ಮಂಡಿಯ ಹಿಂದೆಯೂ ಹಾಗೇ. ರಕ್ತ ಮೆದುವಾಗಿದ್ದರೆ ನಾಳ ಒತ್ತಿದಾಗ ಮುಚ್ಚಲೇಬೇಕು, ಹೆಪ್ಪು ತುಂಬಿದ್ದರೆ ಮುಚ್ಚುವುದಿಲ್ಲ. ಇಡೀ ಪರೀಕ್ಷೆಯ ತಿರುಳು ಇಷ್ಟೇ.

ರಿಪೋರ್ಟಿನಲ್ಲಿ ಫೆಮೋರಲ್ ಮತ್ತು ಪಾಪ್ಲಿಟಿಯಲ್ ನಾಳ ಅಂತ ಬರೆದಿತ್ತು. ಅಂದರೆ ತೊಡೆ ಮತ್ತು ಮಂಡಿಯ ಹಿಂಭಾಗ. ಬರೀ ಮೀನಖಂಡದಲ್ಲಿ ಇದ್ದಿದ್ದರೆ ಅಪಾಯ ಕಡಿಮೆ, ಕೆಲವರಿಗೆ ಔಷಧಿ ಕೊಡದೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಕಾಯುವುದೂ ಉಂಟಂತೆ. ಮಂಡಿಯಿಂದ ಮೇಲೆ ಇದ್ದರೆ ಅದರ ಒಂದು ತುಂಡು ಕಿತ್ತುಕೊಂಡು ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಭಯ ಜಾಸ್ತಿ. ಅದಕ್ಕೆ ಪಲ್ಮನರಿ ಎಂಬಾಲಿಸಂ ಅನ್ನುತ್ತಾರೆ. ಡಿವಿಟಿಯಿಂದ ಜೀವ ಹೋಗುವುದು ಹೀಗೆ.

ಸಂಜೆ ಫಿಸಿಷಿಯನ್ ಬಂದರು. ನಾನು ಇಡೀ ಕಥನದಲ್ಲಿ ಹೇಳಬೇಕು ಅಂದುಕೊಂಡಿರುವುದು ಇವರ ಪ್ರಶ್ನೆಗಳ ಬಗ್ಗೆಯೇ. ಹೆಪ್ಪು ಇದೆ ಅಂತ ಗೊತ್ತಾಗಿದೆ, ರಕ್ತ ತೆಳು ಮಾಡುವ ಔಷಧಿ ಶುರು ಮಾಡುತ್ತಾರೆ, ಮುಗಿಯಿತು ಅಂತ ನಾನು ಕಾಯುತ್ತಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತರು. "ನೋಡಿ ಮೇಡಂ, ಔಷಧಿ ಕೊಡೋದು ಕಷ್ಟ ಅಲ್ಲ. ಯಾರಿಗೆ ಕೊಡ್ತಿದ್ದೀನಿ ಅಂತ ನನಗೆ ಗೊತ್ತಾಗಬೇಕು. ಕಡಿಮೆ ಕೊಟ್ಟರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಜಾಸ್ತಿ ಆದರೆ ಹೊಟ್ಟೆಯಲ್ಲೋ ತಲೆಯಲ್ಲೋ ರಕ್ತ ಸೋರಬಹುದು. ಅಮ್ಮನ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಹೇಳಿ" ಅಂದರು.

ಮೊದಲ ಪ್ರಶ್ನೆ, ಹಿಂದೆ ಯಾವಾಗಲಾದರೂ ಹೀಗೆ ಕಾಲು ಊದಿತ್ತಾ? ನಾನು ಇಲ್ಲ ಅನ್ನುವಷ್ಟರಲ್ಲಿ ಅಮ್ಮ ಹಾಸಿಗೆಯಿಂದಲೇ ಹೇಳಿದರು, "ಇವಳ ತಮ್ಮ ಹುಟ್ಟಿದಾಗ ಬಾಣಂತನದಲ್ಲಿ ಇದೇ ಕಾಲು ಬಾತಿತ್ತು. ಲಕ್ಕಿ ಸೊಪ್ಪಿನ ಶಾಖ ಕೊಟ್ಟಿದ್ದರು. ಕಡಿಮೆ ಆಗೋಕೆ ತುಂಬಾ ದಿನ ಹಿಡೀತು." ಈ ವಿಷಯ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಡಾಕ್ಟರು ಬರೆದುಕೊಂಡರು. ಅದು ಹೆಪ್ಪೇ ಆಗಿತ್ತು ಅಂತ ಈಗ ಯಾರೂ ಹೇಳಲಾರರು, ಆದರೆ ಆಗಿರಬಹುದು. ಹೆರಿಗೆಯ ನಂತರದ ಮೊದಲ 6 ವಾರ ಹೆಪ್ಪುಗಟ್ಟುವ ಅಪಾಯ ತುಂಬಾ ಜಾಸ್ತಿ ಇರುವ ಕಾಲ. ನಮ್ಮಲ್ಲಿ ಆ ದಿನಗಳಲ್ಲೇ ಬಾಣಂತಿಯನ್ನು ಕೋಣೆ ಬಿಟ್ಟು ಹೊರಗೆ ಬಿಡದೆ, ಹೊದಿಸಿ ಮಲಗಿಸುತ್ತಾರೆ. ನೀರೂ ಅಳೆದು ಕೊಡುತ್ತಾರೆ. ಇದರ ಬಗ್ಗೆ ನಾನು ಆಮೇಲೆ ತುಂಬಾ ಯೋಚಿಸಿದೆ. ಬಾಣಂತನದ ಆರೈಕೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅವಳು ದಿನಾ ಎದ್ದು ಓಡಾಡಬೇಕು, ಬಾಯಾರಿದಷ್ಟು ನೀರು ಕುಡಿಯಬೇಕು.

ಎಡಗಾಲೇ ಯಾಕೆ ಅಂತ ಕೇಳಿದ್ದಕ್ಕೆ ಅವರು ಒಂದು ಚಿತ್ರ ಬಿಡಿಸಿ ತೋರಿಸಿದರು. ಈಗ ಆಪರೇಷನ್ ಆಗಿರುವುದೂ ಅದೇ ಕಾಲಿಗೆ, ಅದು ಒಂದು ಕಾರಣ. ಇನ್ನೊಂದು, ಕಿಬ್ಬೊಟ್ಟೆಯೊಳಗೆ ಬಲಗಾಲಿಗೆ ಹೋಗುವ ದೊಡ್ಡ ರಕ್ತನಾಳ ಎಡಗಾಲಿನಿಂದ ಬರುವ ನಾಳದ ಮೇಲೆ ಹಾದು ಹೋಗುತ್ತದೆ, ಅದನ್ನು ಸ್ವಲ್ಪ ಅದುಮುತ್ತದೆ. ಹಾಗಾಗಿ ಬಸುರಿ ಬಾಣಂತಿಯರಲ್ಲಿ ಎಡಗಾಲಿನ ಡಿವಿಟಿಯೇ ಜಾಸ್ತಿ. ಹೆಪ್ಪುಗಟ್ಟಲು ಮೂರು ದಾರಿ ಅಂತ ಜರ್ಮನಿಯ ಡಾಕ್ಟರ್ ರುಡಾಲ್ಫ್ ವಿರ್ಕೊ ಹೆಸರು ಹೇಳಿದರು. ರಕ್ತದ ಹರಿವು ನಿಧಾನ ಆಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವ ಗುಣ ಪಡೆಯುವುದು. ಅಮ್ಮ ಅಲುಗಾಡದೆ ಮಲಗಿದ್ದರು, ಮೂಳೆ ಮುರಿದಿತ್ತು, ಆಪರೇಷನ್ ಆಗಿತ್ತು. ಮೂರೂ ಒಟ್ಟಿಗೆ ಬಂದಿದ್ದವು. ವಿರ್ಕೊ ಹುಟ್ಟಿದ ದಿನ ಅಕ್ಟೋಬರ್ 13. 2014ರಿಂದ ಅದನ್ನೇ ವಿಶ್ವ ಥ್ರಾಂಬೋಸಿಸ್ ದಿನ ಅಂತ ಆಚರಿಸುತ್ತಾರೆ.

ಆಮೇಲಿನ ಪ್ರಶ್ನೆಗಳು ಬೇಗ ಬೇಗ ಬಂದವು. ಇತ್ತೀಚೆಗೆ ಸುಮ್ಮನೆ ತೂಕ ಇಳಿದಿದೆಯಾ, ಊಟ ಸೇರುತ್ತಾ, ಎಲ್ಲಾದರೂ ಗಂಟು? ಕೆಲವು ಸಲ ಒಳಗೆ ಇರುವ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೇ ಹೆಪ್ಪಿನ ರೂಪದಲ್ಲಿ. ಕ್ಯಾನ್ಸರ್ ಇರುವವರಲ್ಲಿ ಔಷಧಿ ತಗೊಳ್ಳುತ್ತಿದ್ದರೂ ಮತ್ತೆ ಹೆಪ್ಪುಗಟ್ಟಬಹುದು, ರಕ್ತಸ್ರಾವವೂ ಆಗಬಹುದು. ಅಮ್ಮನಿಗೆ ಅಂಥ ಲಕ್ಷಣ ಇರಲಿಲ್ಲ. ಹೃದಯ ದುರ್ಬಲವಾಗಿದೆಯಾ, ದಮ್ಮು ಇದೆಯಾ? ಇಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಹೆಪ್ಪುಗಟ್ಟಿತ್ತಾ? ಗೊತ್ತಿದ್ದ ಹಾಗೆ ಇಲ್ಲ.

ಹೊಟ್ಟೆ ಹುಣ್ಣು? ಇತ್ತು. ಕೆಲವು ವರ್ಷಗಳ ಹಿಂದೆ ಎಂಡೋಸ್ಕೋಪಿ ಮಾಡಿಸಿದ್ದೆವು. ಮಂಡಿ ನೋವಿಗೆ ಯಾವ ಮಾತ್ರೆ? ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್, ನೋವು ಬಂದಾಗೆಲ್ಲ. ಬೇರೆ ಮಾತ್ರೆ? ಬಿಪಿ ಮಾತ್ರೆಯ ಜೊತೆ ರಾತ್ರಿ ಒಂದು ಇಕೋಸ್ಪ್ರಿನ್, ಅಂದರೆ ಆಸ್ಪಿರಿನ್. ಅದನ್ನು ಯಾರು ಬರೆದುಕೊಟ್ಟಿದ್ದು? ಹಿಂದೆ ಒಂದು ಕ್ಯಾಂಪಿನಲ್ಲಿ ಕೊಟ್ಟಿದ್ದು, ಹಾಗೇ ಮುಂದುವರಿದಿತ್ತು. ಸ್ಟೆಂಟ್ ಹಾಕಿದೆಯಾ, ಹಾರ್ಟ್ ಅಟ್ಯಾಕ್ ಆಗಿತ್ತಾ, ಪಾರ್ಶ್ವವಾಯು? ಯಾವುದೂ ಇಲ್ಲ. ಡಾಕ್ಟರು ಇಕೋಸ್ಪ್ರಿನ್ ಅಲ್ಲೇ ನಿಲ್ಲಿಸಿದರು. ವಯಸ್ಸು, ಹಳೆಯ ಹುಣ್ಣು, ರಕ್ತಹೀನತೆ, ಇವಿಷ್ಟೇ ರಕ್ತ ಸೋರಲು ಸಾಕು. ಅದರ ಮೇಲೆ ಆಸ್ಪಿರಿನ್ ಬೇರೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಸ್ಟೆಂಟ್ ಇದ್ದವರ ವಿಷಯ ಬೇರೆ, ಅವರು ತಾವಾಗಿಯೇ ನಿಲ್ಲಿಸಬಾರದು ಅಂತಲೂ ಹೇಳಿದರು.

ಆಮೇಲೆ ತೂಕದ ವಿಷಯ ಬಂತು. ಫೈಲಿನಲ್ಲಿ 60 ಕೆಜಿ ಅಂತ ಬರೆದಿತ್ತು. ಡಾಕ್ಟರು ಅಮ್ಮನನ್ನು ನೋಡಿದರು, ಫೈಲು ನೋಡಿದರು. "ಇದನ್ನ ಯಾರು ತೂಗಿದ್ದು?" ಯಾರೂ ತೂಗಿರಲಿಲ್ಲ. ನಿಲ್ಲಲು ಆಗದವರನ್ನು ತೂಗುವುದು ಹೇಗೆ? ಅಡ್ಮಿಟ್ ಆಗುವಾಗ ಅಂದಾಜಿನಲ್ಲಿ ಬರೆದಿದ್ದರು. ನನ್ನ ಚೀಲದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಬಿಪಿ ಚೀಟಿ ಇತ್ತು. ಬೀಳುವುದಕ್ಕೆ ಸ್ವಲ್ಪ ದಿನ ಮೊದಲು ಅಲ್ಲಿ ತೂಗಿದ್ದರು, 48 ಕೆಜಿ. ಡಾಕ್ಟರು ಆ ಚೀಟಿ ತಗೊಂಡು ಫೋನಿನಲ್ಲಿ ಲೆಕ್ಕ ಹಾಕಿದರು, ನನಗೂ ವಿವರಿಸಿದರು. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಜೀವ ಉಳಿಯುವುದು ಇಂಥ ಕಡೆಯೇ.

ಅಮ್ಮನ ಕ್ರಿಯಾಟಿನಿನ್ 1.3. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿ ಅದು. ನೋಡಿದರೆ ಸ್ವಲ್ಪವೇ ಜಾಸ್ತಿ ಅನ್ನಿಸುತ್ತದೆ. ಆದರೆ ಸಣಕಲು ದೇಹದ, ವಯಸ್ಸಾದ ಹೆಂಗಸಿನಲ್ಲಿ ಆ ಅಂಕಿಯನ್ನು ನಂಬುವ ಹಾಗಿಲ್ಲ. ಮಾಂಸಖಂಡ ಕಡಿಮೆ ಇದ್ದರೆ ಕ್ರಿಯಾಟಿನಿನ್ ಕೂಡ ಕಡಿಮೆ ಹುಟ್ಟುತ್ತದೆ, ಕಿಡ್ನಿ ಸೋತಿದ್ದರೂ ರಿಪೋರ್ಟು ಚೆನ್ನಾಗಿ ಕಾಣುತ್ತದೆ. ಅದಕ್ಕೆ ವಯಸ್ಸು, ತೂಕ ಸೇರಿಸಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸಬೇಕು, ಹೆಂಗಸರಾದರೆ ಬಂದಿದ್ದನ್ನು 0.85ರಿಂದ ಗುಣಿಸಬೇಕು. 60 ಕೆಜಿ ಅಂತ ಹಾಕಿದರೆ ಉತ್ತರ 36. 48 ಕೆಜಿ ಅಂತ ಹಾಕಿದರೆ 29. ಕೊಡಬೇಕಾಗಿದ್ದ ಇಂಜೆಕ್ಷನ್ ಎನಾಕ್ಸಪಾರಿನ್. ಅದರ ಅಳತೆ ಕೆಜಿಗೆ 1 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಆದರೆ ಕಿಡ್ನಿಯ ಈ ಲೆಕ್ಕ 30ಕ್ಕಿಂತ ಕೆಳಗಿದ್ದರೆ ದಿನಕ್ಕೆ ಒಂದೇ ಸಲ. ಅಂದರೆ ಅಂದಾಜಿನ 60ನ್ನು ನಂಬಿದ್ದರೆ ಅಮ್ಮನಿಗೆ ದಿನಕ್ಕೆ 120 ಮಿಲಿಗ್ರಾಂ ಹೋಗುತ್ತಿತ್ತು. ನಿಜವಾಗಿ ಬೇಕಾಗಿದ್ದು ಸುಮಾರು 50. ಹಳೆಯ ಹುಣ್ಣು ಇರುವ, ಹೊಸ ಗಾಯ ಇರುವ ಹೆಂಗಸಿಗೆ ಎರಡು ಪಟ್ಟಿಗಿಂತ ಜಾಸ್ತಿ.

ಇದನ್ನು ಯಾರ ಮೇಲೂ ಸಿಟ್ಟಿನಿಂದ ಬರೆಯುತ್ತಿಲ್ಲ. ವಾರ್ಡಿನ ಗಡಿಬಿಡಿ ನಾನೇ ನೋಡಿದ್ದೇನೆ. ಆದರೆ ತೂಕ ನೋಡಿ ಕೊಡುವ ಔಷಧಿ ಅಂತ ಗೊತ್ತಾದ ಮೇಲೆ ತೂಕವನ್ನು ಅಂದಾಜು ಮಾಡುವುದು ತಪ್ಪು ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ನಿಮ್ಮವರ ತೂಕ ನಿಮಗೆ ಗೊತ್ತಿದ್ದರೆ ಕೇಳದಿದ್ದರೂ ಹೇಳಿ.

ಕ್ರಿಯಾಟಿನಿನ್ ಏರಿದ್ದಕ್ಕೆ ಇನ್ನೊಂದು ಕಾರಣವೂ ಅವತ್ತೇ ಗೊತ್ತಾಯಿತು. ಅಮ್ಮ ನೀರು ಕುಡಿಯುತ್ತಿರಲಿಲ್ಲ. ಬೆಡ್‌ಪ್ಯಾನ್ ಇಡಲು ಯಾರನ್ನೋ ಕರೆಯಬೇಕು, ಸೊಂಟ ಎತ್ತಬೇಕು, ನೋವು, ಅದರ ಮೇಲೆ ಸಂಕೋಚ. ಲೋಟ ಕೊಟ್ಟರೆ ಎರಡು ಗುಟುಕು ಕುಡಿದು ಪಕ್ಕಕ್ಕೆ ಇಡುತ್ತಿದ್ದರು. ಪಕ್ಕದ ಹಾಸಿಗೆಯ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ನೀರು ಕಡಿಮೆ ಆದರೆ ರಕ್ತ ಗಟ್ಟಿಯಾಗುತ್ತದೆ, ಕಿಡ್ನಿಯೂ ಬಳಲುತ್ತದೆ. ಅವತ್ತಿನಿಂದ ಗಂಟೆಗೊಮ್ಮೆ ನಾನೇ ಕುಡಿಸಿದೆ. ಗಂಜಿ ತಿಳಿ, ಮಜ್ಜಿಗೆ, ಬಿಸಿನೀರು. ಕೆಲವು ದಿನದಲ್ಲಿ ಕ್ರಿಯಾಟಿನಿನ್ 1.1ಕ್ಕೆ ಇಳಿಯಿತು, ಕಿಡ್ನಿಯ ಲೆಕ್ಕ 34ಕ್ಕೆ ಏರಿತು. ಆಗ ಡಾಕ್ಟರು ಮತ್ತೆ ಲೆಕ್ಕ ಹಾಕಿ ಇಂಜೆಕ್ಷನ್ ದಿನಕ್ಕೆ ಎರಡು ಮಾಡಿದರು.

ಇಂಜೆಕ್ಷನ್ ಹೊಟ್ಟೆಯ ಚರ್ಮದ ಕೆಳಗೆ, ಹೊಕ್ಕುಳಿನಿಂದ ಸ್ವಲ್ಪ ದೂರ. ಸಿಸ್ಟರ್ ಚರ್ಮವನ್ನು ಮಡಿಕೆ ಹಿಡಿದು ಸೂಜಿ ನೇರ ಚುಚ್ಚುತ್ತಿದ್ದರು. ಆಮೇಲೆ ಉಜ್ಜಬಾರದು, ಉಜ್ಜಿದರೆ ನೀಲಿಗಟ್ಟುತ್ತದೆ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಎರಡು ಮೂರು ದಿನಕ್ಕೊಮ್ಮೆ ಪ್ಲೇಟ್ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳ ಪರೀಕ್ಷೆ. ಎನಾಕ್ಸಪಾರಿನ್‌ನಂಥ ಹೆಪಾರಿನ್ ಜಾತಿಯ ಔಷಧಿಯಿಂದ ಅಪರೂಪಕ್ಕೆ 5ರಿಂದ 10 ದಿನದ ನಡುವೆ ಪ್ಲೇಟ್ಲೆಟ್ ದಿಢೀರ್ ಇಳಿಯಬಹುದು, ಹಾಗಾದಾಗ ರಕ್ತ ಸೋರುವ ಬದಲು ಇನ್ನೂ ಹೆಪ್ಪುಗಟ್ಟುತ್ತದೆ. ಅಮ್ಮನಿಗೆ ಹಾಗಾಗಲಿಲ್ಲ.

ಔಷಧಿ ಶುರುವಾದ ಸ್ವಲ್ಪ ಸಮಯದಲ್ಲೇ ಒಂದು ಬೆಳಗಿನ ಜಾವ ಅಮ್ಮ ಎದ್ದು ಕೂರಲು ನೋಡಿದರು. "ಉಸಿರು ಸಾಲ್ತಿಲ್ಲ ಕಣೇ" ಅಂದರು. ಉಸಿರು ಎಳೆದರೆ ಎದೆಯ ಪಕ್ಕ ಚುಚ್ಚುತ್ತಿತ್ತು. ಬೆರಳಿಗೆ ಹಾಕಿದ ಯಂತ್ರದಲ್ಲಿ ಆಮ್ಲಜನಕ 89, ನಾಡಿ 118. ಐಸಿಯುಗೆ ಒಯ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿದೆ. ಮಾತು ಹೊರಡಲಿಲ್ಲ.

ಫಿಸಿಷಿಯನ್ ಬಂದು ಮೊದಲು ನೋಡಿದ್ದು ಬಿಪಿ. ಮೇಲಿನ ಅಂಕಿ 90ಕ್ಕಿಂತ ಕೆಳಗೆ ಹೋದರೆ ಅದು ದೊಡ್ಡ ಹೆಪ್ಪು, ಕರಗಿಸುವ ಔಷಧಿ ಕೊಡುವ ಯೋಚನೆ ಮಾಡಬೇಕು. ಆಪರೇಷನ್ ಗಾಯ ಹಸಿ ಇರುವಾಗ ಆ ಔಷಧಿ ಕೊಟ್ಟರೆ ರಕ್ತಸ್ರಾವದ ಅಪಾಯ ತುಂಬಾ ದೊಡ್ಡದು. ಅಮ್ಮನ ಬಿಪಿ 124 ಇತ್ತು. ಆಮೇಲೆ ಎಕೋ ಮಾಡಿದರು. ಶ್ವಾಸಕೋಶದ ನಾಳ ಕಟ್ಟಿಕೊಂಡರೆ ಹೃದಯದ ಬಲಭಾಗಕ್ಕೆ ಒತ್ತಡ ಬಿದ್ದು ಅದು ಹಿಗ್ಗುತ್ತದೆ. ಅಮ್ಮನ ಬಲಭಾಗ ಹಿಗ್ಗಿರಲಿಲ್ಲ. ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಏರಿರಲಿಲ್ಲ. ಖಚಿತ ಮಾಡಿಕೊಳ್ಳಲು ಶ್ವಾಸಕೋಶದ ನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್ ಇದೆ, ಆದರೆ ಅದಕ್ಕೆ ಡೈ ಹಾಕಬೇಕು, ಡೈಯಿಂದ ಕಿಡ್ನಿಗೆ ಪೆಟ್ಟಾಗಬಹುದು. ಡಾಕ್ಟರು ನಮ್ಮನ್ನು ಕರೆದು ಹೇಳಿದರು, "ಕಾಲಲ್ಲಿ ಹೆಪ್ಪು ಇರೋದು ಗೊತ್ತಿದೆ. ಒಂದು ಸಣ್ಣ ತುಂಡು ಹೋಗಿರಬೇಕು. ಸಿಟಿ ಮಾಡಿದರೂ ಕೊಡೋ ಔಷಧಿ ಇದೇ. ಹೃದಯ ತಡ್ಕೊಂಡಿದೆ. ಕಿಡ್ನಿಯನ್ನ ಪಣಕ್ಕಿಡೋದು ಬೇಡ ಅಂತ ನನಗೆ ಅನ್ಸುತ್ತೆ." ನಮಗೂ ಸರಿ ಅನ್ನಿಸಿತು. ಆಮ್ಲಜನಕ ಕೊಟ್ಟು, ಪ್ರತಿ ಗಂಟೆ ಬಿಪಿ ನೋಡುತ್ತಾ ಐಸಿಯುನಲ್ಲೇ ಇಟ್ಟುಕೊಂಡರು. ಮೆಲ್ಲಗೆ ನಾಡಿ ಇಳಿಯಿತು. ಮತ್ತೆ ವಾರ್ಡಿಗೆ ಬಂದೆವು.

ಈ ಲಕ್ಷಣಗಳನ್ನು ಡಿವಿಟಿ ಇರುವವರ ಪಕ್ಕದಲ್ಲಿ ಕೂತ ಯಾರೂ ಮರೆಯಬಾರದು. ದಿಢೀರ್ ಉಬ್ಬಸ, ಉಸಿರು ಎಳೆದಾಗ ಎದೆ ಚುಚ್ಚುವುದು, ಎದೆಬಡಿತ ಜೋರಾಗುವುದು, ಕೆಮ್ಮಿನಲ್ಲಿ ರಕ್ತ, ತಲೆ ಸುತ್ತಿ ಬೀಳುವುದು. ಬೆಳಗಾಗಲಿ ನೋಡೋಣ ಅನ್ನುವ ವಿಷಯ ಇದಲ್ಲ.

ವಾರ್ಡಿಗೆ ಬಂದ ಮೇಲೆ ಇನ್ನೊಂದು ಹೆದರಿಕೆ. ಮಲ ಕಪ್ಪಗೆ ಹೋಯಿತು. ಹೊಟ್ಟೆಯಲ್ಲಿ ರಕ್ತ ಸೋರಿದರೆ ಮಲ ಟಾರಿನ ಬಣ್ಣಕ್ಕೆ ತಿರುಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ನಾನು ಓಡಿ ಹೋಗಿ ಹೇಳಿದೆ. ಸಿಸ್ಟರ್ ಔಷಧಿ ಚಾರ್ಟ್ ನೋಡಿದರು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಹೋಗುತ್ತಿತ್ತು, ಅದರಿಂದಲೂ ಮಲ ಕಪ್ಪಾಗುತ್ತದೆ. ಆದರೂ ಬಿಡಲಿಲ್ಲ. ಹಿಮೋಗ್ಲೋಬಿನ್ ನೋಡಿದರು, 9.4 ಇದ್ದದ್ದು 9.3. ಬಿಪಿ ಸರಿಯಿತ್ತು. ಸೋರಿಕೆ ಇಲ್ಲ ಅಂತ ಆಯಿತು. ನಿಜವಾಗಿ ಸೋರಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ರಕ್ತ ತೆಳು ಮಾಡುವ ಔಷಧಿ ಕೊಡಲು ಸಾಧ್ಯವೇ ಇಲ್ಲದವರಿಗೆ ಹೊಟ್ಟೆಯೊಳಗಿನ ದೊಡ್ಡ ನಾಳದಲ್ಲಿ ಒಂದು ಜಾಲರಿ ಇಡುತ್ತಾರಂತೆ, ಕಾಲಿನಿಂದ ಬರುವ ತುಂಡನ್ನು ಅದು ತಡೆಯುತ್ತದೆ. ಅದಕ್ಕೂ ಅದರದೇ ತೊಂದರೆಗಳಿವೆ, ಬೇಕೇ ಬೇಕಾದಾಗ ಮಾತ್ರ.

ನೋಡಲು ಬಂದ ದೊಡ್ಡಮ್ಮ ಎಣ್ಣೆ ಸೀಸೆ ತಂದಿದ್ದರು. "ಏನೇ ಇದು, ಕಾಲು ಇಷ್ಟು ಊದಿದೆ, ಸುಮ್ನೆ ಕೂತಿದ್ದೀಯಲ್ಲ? ಸ್ವಲ್ಪ ತಿಕ್ಕಿದರೆ ಇಳಿಯುತ್ತೆ" ಅಂತ ಸೆರಗು ಸಿಕ್ಕಿಸಿಕೊಂಡೇ ಬಿಟ್ಟರು. ನಾನು ಅವರ ಕೈ ಹಿಡಿದುಕೊಂಡೆ. "ಬೇಡ ದೊಡ್ಡಮ್ಮ, ಒಳಗೆ ರಕ್ತ ಗಡ್ಡೆ ಕಟ್ಟಿದೆ. ತಿಕ್ಕಿದರೆ ಕಿತ್ತುಕೊಂಡು ಎದೆಗೆ ಹೋಗಬಹುದು." ಅವರು ಒಂದು ಕ್ಷಣ ಸುಮ್ಮನಾದರು, ಆಮೇಲೆ ಸೀಸೆಯನ್ನು ಚೀಲದ ತಳಕ್ಕೆ ಇಟ್ಟರು. ಪ್ರೀತಿಯಿಂದಲೇ ತಂದಿದ್ದರು. ಊದಿದ ಕಾಲಿಗೆ ಎಣ್ಣೆ ತಿಕ್ಕುವುದು, ಶಾಖ ಕೊಟ್ಟು ಒತ್ತುವುದು ನಮ್ಮ ಕಡೆ ಮನೆಮನೆಯಲ್ಲಿ ಇದೆ. ಒಂದೇ ಕಾಲು ಊದಿದ್ದರೆ, ಅದರಲ್ಲೂ ಹಾಸಿಗೆ ಹಿಡಿದವರಿಗೆ, ಕಾರಣ ಗೊತ್ತಾಗುವ ತನಕ ಯಾರೂ ಅದನ್ನು ತಿಕ್ಕಬಾರದು.

ಹಾಗಂತ ಅಮ್ಮನನ್ನು ಅಲುಗಾಡಿಸಲೇಬಾರದು ಅಂತಲೂ ಅಲ್ಲ. ನನಗೆ ಆ ಭಯವೂ ಇತ್ತು. ಆದರೆ ಔಷಧಿ ಸರಿಯಾಗಿ ಹೋಗುತ್ತಿದ್ದರೆ ನಡೆಸುವುದೇ ಒಳ್ಳೆಯದು ಅಂದರು. ಉಸಿರು ಸ್ಥಿಮಿತಕ್ಕೆ ಬಂದ ಕೂಡಲೇ ಫಿಸಿಯೋಥೆರಪಿಸ್ಟ್ ವಾಕರ್ ತಂದರು. ಹಾಸಿಗೆಯಲ್ಲಿದ್ದಾಗ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು. ನಡೆದಾಗ, ಪಾದ ಆಡಿಸಿದಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ.

ಅದೇ ವಾರ್ಡಿನಲ್ಲಿ ಇನ್ನೂ ಇಬ್ಬರು ಡಿವಿಟಿಯವರು ಇದ್ದರು. ಒಬ್ಬ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗ. ವಯಸ್ಸು ಚಿಕ್ಕದು, ಕಿಡ್ನಿ ಚೆನ್ನಾಗಿದೆ, ಹುಣ್ಣಿಲ್ಲ. ಬೇಗ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಇನ್ನೊಬ್ಬರು ಕ್ಯಾನ್ಸರ್‌ಗೆ ಕೀಮೋ ತಗೊಳ್ಳುತ್ತಿದ್ದ ರೈತರು, ಅವರಿಗೆ ಹೆಪ್ಪು ಎರಡನೆಯ ಸಲ. ಕಾಯಿಲೆಯ ಹೆಸರು ಒಂದೇ ಆದರೂ ಮೂರು ಹಾಸಿಗೆಗೆ ಮೂರು ತರದ ಚಿಕಿತ್ಸೆ.

ಮನೆಗೆ ಹೋಗುವ ಮುಂಚೆ ರಕ್ತ ತೆಳು ಮಾಡುವ ಮಾತ್ರೆ ಯಾವುದು ಅಂತ ಚರ್ಚೆ ಆಯಿತು. ವಾರ್ಫರಿನ್, ಅಸಿಟ್ರಾಂ ಆದರೆ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಮತ್ತೆ ಮತ್ತೆ ಮಾಡಿಸಿ ಅದನ್ನು 2ರಿಂದ 3ರ ಒಳಗೆ ಇಡಬೇಕು. ಸೊಪ್ಪು ತಿನ್ನುವುದು ಒಂದು ವಾರ ಜಾಸ್ತಿ ಒಂದು ವಾರ ಕಡಿಮೆ ಆದರೆ ಅಂಕಿ ಏರುಪೇರು. ಮಳೆಗಾಲದಲ್ಲಿ ನಮ್ಮೂರಿನಿಂದ ಲ್ಯಾಬಿಗೆ ಹೋಗಿ ಬರುವುದು ದೊಡ್ಡ ಕಷ್ಟ. ಕಿಡ್ನಿಯ ಲೆಕ್ಕ 30ರ ಮೇಲೆ ಇದ್ದಿದ್ದರಿಂದ ಅಪಿಕ್ಸಾಬಾನ್ ಬರೆದರು, ದಿನಕ್ಕೆ ಎರಡು ಸಲ. ಅದಕ್ಕೆ ಐಎನ್‌ಆರ್ ಬೇಡ. ಆದರೆ ಒಂದು ಹೊತ್ತು ತಪ್ಪಿದರೂ ಅದರ ರಕ್ಷಣೆ ಬೇಗ ಇಳಿದು ಹೋಗುತ್ತದೆ. ಅಮ್ಮನ ಹಾಸಿಗೆಯ ಎದುರಿನ ಕ್ಯಾಲೆಂಡರಿನಲ್ಲಿ ಮಾತ್ರೆ ಕೊಟ್ಟಾಗಲೆಲ್ಲ ಗೀಟು ಹಾಕಿದೆವು. ಮಂಡಿ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಇಲ್ಲ. ಜ್ವರ ಬಂದರೆ ಊರಿನಲ್ಲಿ ಸೊಂಟಕ್ಕೆ ಸೂಜಿ ಹಾಕಿಸುವುದು ಬೇಡ, ಸ್ನಾಯುವಿನೊಳಗೆ ರಕ್ತ ಕಟ್ಟುತ್ತದೆ. ಮತ್ತೆ ಬಿದ್ದು ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ ಸೀದಾ ಆಸ್ಪತ್ರೆಗೆ.

ಊತ ಪೂರ್ತಿ ಇಳಿದಿಲ್ಲ. ಸಂಜೆ ಹೊತ್ತಿಗೆ ಎಡಗಾಲು ಭಾರ ಅನ್ನುತ್ತಾರೆ, ಕಣಕಾಲಿನ ಚರ್ಮ ಸ್ವಲ್ಪ ಕಪ್ಪಾಗಿದೆ. ನಾಳದೊಳಗಿನ ಕವಾಟ ಹಾಳಾದರೆ ಹೀಗಾಗುತ್ತದೆ. ತೊಡೆಯ ಮಟ್ಟದಲ್ಲಿ ಹೆಪ್ಪುಗಟ್ಟಿದವರಿಗೆ, ಅದೇ ಕಾಲಿಗೆ ಎರಡನೆಯ ಸಲ ಆದವರಿಗೆ ಇದು ಜಾಸ್ತಿ. ಬಿಗಿ ಕಾಲುಚೀಲ ಹಾಕಿದರೆ ಇದು ಬರದಂತೆ ತಡೆಯುತ್ತದೆ ಅಂತ ಖಾತ್ರಿ ಇಲ್ಲ, ಆದರೆ ಭಾರ ಕಡಿಮೆ ಅನ್ನಿಸಿದರೆ ಹಾಕಿ ಅಂದರು. ಅಮ್ಮನಿಗೆ ಅದರಿಂದ ಹಾಯೆನಿಸುತ್ತದೆ, ಹಾಕುತ್ತಾರೆ.

ಮೂರು ತಿಂಗಳಾದ ಮೇಲೆ ಮತ್ತೆ ಶಿವಮೊಗ್ಗಕ್ಕೆ ಹೋದೆವು. ಆಪರೇಷನ್‌ನಂಥ ಸ್ಪಷ್ಟ ಕಾರಣದಿಂದ ಆದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳ ಔಷಧಿ ಸಾಕು. ಅಮ್ಮ ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ಬಾಣಂತನದ ಆ ಹಳೆಯ ಊತದ ಬಗ್ಗೆ ಡಾಕ್ಟರು ಮತ್ತೆ ಕೇಳಿದರು, ಹುಣ್ಣಿನ ಬಗ್ಗೆ, ಕಿಡ್ನಿಯ ಬಗ್ಗೆ. ಎರಡೂ ಕಡೆ ತೂಗಿ ನೋಡಿ ಮಾತ್ರೆ ನಿಲ್ಲಿಸಿದರು. ಮುಂದೆ ಯಾವ ಆಪರೇಷನ್ ಇದ್ದರೂ, ಹಾಸಿಗೆ ಹಿಡಿಯುವ ಕಾಯಿಲೆ ಬಂದರೂ, ಮೊದಲ ದಿನವೇ ಈ ವಿಷಯ ಹೇಳಬೇಕು ಅಂತ ಡಿಸ್ಚಾರ್ಜ್ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಹೊರಡುವಾಗ ನನ್ನ ಕಡೆ ತಿರುಗಿ, "ನೀವೂ ಹಾರ್ಮೋನ್ ಮಾತ್ರೆ ತಗೊಳ್ಳೋ ಸಂದರ್ಭ ಬಂದರೆ ತಾಯಿಗೆ ಹೀಗಾಗಿತ್ತು ಅಂತ ನಿಮ್ಮ ಡಾಕ್ಟರಿಗೆ ಹೇಳಿ" ಅಂದರು. ಮುಟ್ಟಿನ ತೊಂದರೆಗೆ ಅಂಥ ಮಾತ್ರೆಯ ಮಾತು ನನಗೆ ಆಗಲೇ ಬಂದಿತ್ತು. ಮುಂದಿನ ವಾರವೇ ಹೋಗಿ ನನ್ನ ಡಾಕ್ಟರಿಗೆ ಹೇಳಿದೆ, ಅವರು ಹೆಪ್ಪಿನ ಅಪಾಯ ಹೆಚ್ಚಿಸುವ ಈಸ್ಟ್ರೋಜನ್ ಹಾರ್ಮೋನ್ ಇಲ್ಲದ ಬೇರೆ ಮಾತ್ರೆ ಬರೆದುಕೊಟ್ಟರು.